ದೇಶದ ಕಡತಗಳು ಅಂಕಿಗಳಾಗುವ ಬಗೆ

ನಮ್ಮ ಸಂವಿಧಾನದ ಕೈಬರಹದ ಮೂಲಪ್ರತಿಗಳನ್ನು ದೆಹಲಿಯ ಸಂಸತ್ ಗ್ರಂಥಾಲಯದಲ್ಲಿ ಗಾಳಿಯಾಡದಂತೆ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಆ ಪೆಟ್ಟಿಗೆಗಳ ಒಳಗಿರುವುದು ನಾವು ಉಸಿರಾಡುವ ಗಾಳಿಯಲ್ಲ, ಸಾರಜನಕ. ಆಮ್ಲಜನಕ ಸೋಂಕಿದರೆ ಕಾಗದವೂ ಮಸಿಯೂ ಬಣ್ಣಗಳೂ ಮೆಲ್ಲಮೆಲ್ಲನೆ ಕೆಡುತ್ತವೆ. ಹುಳುಗಳು ಬದುಕಿ ಬೆಳೆಯುತ್ತವೆ. ಸಾರಜನಕದ ನಡುವೆ ಇವಕ್ಕೆ ಆಸ್ಪದವಿಲ್ಲ. ಅಮೆರಿಕದ ಗೆಟ್ಟಿ ಸಂರಕ್ಷಣ ಸಂಸ್ಥೆ ಮತ್ತು ದೆಹಲಿಯ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯ ಇವುಗಳ ಸಹಯೋಗದಿಂದ 1994ರಲ್ಲಿ ಈ ಏರ್ಪಾಡು ನಡೆಯಿತು.

ಹೀಗೆ ಭದ್ರವಾಗಿರುವ ಆ ಹೊತ್ತಗೆಯನ್ನು ಮುಟ್ಟಿ ಪುಟ ತಿರುವುವ ಅವಕಾಶ ನಮ್ಮ ನಿಮ್ಮಂಥವರಿಗೆ ಇಲ್ಲ. ಆದರೂ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರ ಅಂದವಾದ ಇಂಗ್ಲಿಷ್ ಕೈಬರಹವನ್ನೂ, ನಂದಲಾಲ ಬೋಸರೂ ಅವರ ಶಿಷ್ಯರೂ ಪುಟಗಳಿಗೆ ಬಿಡಿಸಿದ ಚಿತ್ರಗಳನ್ನೂ ನಾವು ನೋಡಬಲ್ಲೆವು. ಏಕೆಂದರೆ ಡೆಹರಾಡೂನಿನಲ್ಲಿರುವ ಭಾರತೀಯ ಸರ್ವೇಕ್ಷಣ ಇಲಾಖೆಯು ಆ ಗ್ರಂಥದ ಸುಮಾರು ಒಂದು ಸಾವಿರ ಪ್ರತಿಗಳನ್ನು ಛಾಯಾಚಿತ್ರದ ನೆರವಿನ ಕಲ್ಲಚ್ಚಿನ ವಿಧಾನದಿಂದ ಮುದ್ರಿಸಿತು. ಅವೇ ಪುಟಗಳು ಈಗ ಅಂಕೀಯ ಚಿತ್ರಗಳಾಗಿಯೂ ದೊರೆಯುತ್ತವೆ. ಮೂಲವನ್ನು ಪೆಟ್ಟಿಗೆಯು ಕಾಯುತ್ತಿದೆ. ಅದರಲ್ಲಿರುವುದನ್ನು ಜನರಿಗೆ ಮುಟ್ಟಿಸುತ್ತಿರುವುದು ಪ್ರತಿ.

ಒಂದು ಹೊತ್ತಗೆಗೆ ಇಂಥ ಪೆಟ್ಟಿಗೆಯನ್ನು ಮಾಡಿಸಬಹುದು. ದೇಶದ ಕೋಟ್ಯಂತರ ಕಾಗದಗಳಿಗೆ ಮಾಡಿಸಲಾದೀತೆ? ಆಗದು. ಹಾಗಾದರೆ ಅವುಗಳನ್ನು ಉಳಿಸುವುದು ಹೇಗೆ? ಉಳಿಸಿದುದನ್ನು ಎಲ್ಲರಿಗೂ ಹಣವಿಲ್ಲದೆ ಒದಗಿಸುವುದು ಹೇಗೆ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಚರಿತ್ರೆಯ ಕಡತಗಳಿಗೂ ಭೌತಶಾಸ್ತ್ರದ ಅಧ್ಯಾಪಕರಿಗೂ ಏನು ನಂಟೆಂದು ವಾಚಕರು ಕೇಳಬಹುದು. ನಂಟು ಉಂಟು. ಬೆಳಕು, ಅಳತೆ, ಸಂಖ್ಯೆ, ಸಂಭವನೀಯತೆ — ಈ ಕೆಲಸದ ಮುಖ್ಯ ಸಲಕರಣೆಗಳು ಇವೇ.

ಕಾಗದದ ಆಯುಷ್ಯ

‘ಕಡತ’ ಎಂಬ ಮಾತನ್ನು ನಾವು ಈಗ ಕಚೇರಿಯ ಫೈಲಿಗೆ ಬಳಸುತ್ತೇವೆ. ಮೊದಲು ಅದರ ಅರ್ಥ ಬೇರೆಯಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಕಪ್ಪಾದ ಗಟ್ಟಿ ಹಾಳೆಯನ್ನಾಗಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ತಪ್ಪಾದರೆ ಒರಸಿ ತಿದ್ದಬಹುದಾಗಿತ್ತು. ಒರಸಿದ್ದು ಮಾತ್ರ ಗುರುತಿಲ್ಲದೆ ಹೋಗುತ್ತಿತ್ತು. ಈ ಗುಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

ಭಾರತ ಸರ್ಕಾರದ ಹಳೆಯ ದಾಖಲೆಗಳನ್ನು ಕಾಪಾಡುವ ಸಂಸ್ಥೆಯು 1891ರ ಮಾರ್ಚ್ 11ರಂದು ಕಲ್ಕತ್ತದಲ್ಲಿ ಸ್ಥಾಪಿತವಾಯಿತು. ರಾಜಧಾನಿಯು ದೆಹಲಿಗೆ ಬಂದ ಮೇಲೆ ಅಲ್ಲಿ ಇದಕ್ಕಾಗಿ ಕಟ್ಟಿದ ಭವನವು 1926ರಲ್ಲಿ ಸಿದ್ಧವಾಯಿತು. ಸ್ವಾತಂತ್ರ್ಯಾನಂತರ ಇದಕ್ಕೆ ರಾಷ್ಟ್ರೀಯ ಪತ್ರಾಗಾರವೆಂಬ ಹೆಸರು ಬಂದಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಮೊದಲುಗೊಂಡು ಸಾಲುಸಾಲು ಕಪಾಟುಗಳಲ್ಲಿ ಇಲ್ಲಿ ಕಾಗದಗಳು ತುಂಬಿವೆ.

ಈ ಕಾಗದಗಳಿಗೆ ಶತ್ರುಗಳು ಹೊರಗೂ ಇದ್ದಾರೆ, ಒಳಗೂ ಇದ್ದಾರೆ. ಗೆದ್ದಲು, ಬೆಳ್ಳಿಹುಳು, ನೀರು, ಬೆಂಕಿ ಇವು ಹೊರಗಿನವು. ಒಳಗಿನ ಶತ್ರು ಆಮ್ಲ. ಕಾಗದವು ಸೆಲ್ಯುಲೋಸ್ ಎಂಬ ಉದ್ದನೆಯ ಅಣುಸರಪಳಿಗಳಿಂದ ಆದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನಿಂದ ಮಾಡಿದ ಯಂತ್ರದ ಕಾಗದ ಬಳಕೆಗೆ ಬಂದಿತು. ಅದರ ಮೇಲೆ ಮಸಿ ಹರಡದಿರಲೆಂದು ಪಟಿಕವನ್ನೂ ರಾಳವನ್ನೂ ಬೆರಸುತ್ತಿದ್ದರು. ಪಟಿಕದಿಂದ ಹುಟ್ಟುವ ಆಮ್ಲವು ಗಾಳಿಯ ತೇವದೊಡನೆ ಸೇರಿ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಹಾಳೆ ಮೊದಲು ಹಳದಿಯಾಗುತ್ತದೆ, ಬಳಿಕ ಹಪ್ಪಳದಂತೆ ಮುರಿಯುತ್ತದೆ. ಮಾಚಿಕಾಯಿಯ ರಸಕ್ಕೆ ಅನ್ನಭೇದಿಯನ್ನು ಬೆರಸಿ ಮಾಡಿದ ಮಸಿಯೂ ಇದೇ ಕೆಲಸವನ್ನು ಮಾಡುತ್ತದೆ. ಅಂಥ ಮಸಿಯಿಂದ ಒತ್ತಿ ಬರೆದ ಅಕ್ಷರಗಳು ಕೆಲವು ಕಡೆ ಹಾಳೆಯನ್ನು ಕೊರೆದು ಅಕ್ಷರದ ಆಕಾರದ ತೂತುಗಳನ್ನೇ ಉಳಿಸಿವೆ!

ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗವು ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ವಿದ್ಯಾರ್ಥಿಗಳು ಕಲಿತಿರುತ್ತಾರೆ. ಈ ನಿಯಮದಂತೆ 20 ಡಿಗ್ರಿಯಲ್ಲಿ ನೂರು ವರ್ಷ ಬಾಳುವ ಹಾಳೆ 30 ಡಿಗ್ರಿಯಲ್ಲಿ ಐವತ್ತೇ ವರ್ಷ ಬಾಳೀತು. ನಮ್ಮ ದೇಶದ ಬೇಸಗೆಯನ್ನು ನೆನೆದರೆ ಇದರ ಪರಿಣಾಮವೇನೆಂಬುದು ತಾನಾಗಿ ಹೊಳೆಯುತ್ತದೆ.

ಪತ್ರಾಗಾರದ ತಜ್ಞರು ಇದಕ್ಕೆ ಕೈಕಟ್ಟಿ ಕುಳಿತಿಲ್ಲ. ಹಾಳೆಯನ್ನು ತಿಳಿಸುಣ್ಣದ ನೀರಿನಲ್ಲಿ ನೆನಸಿ ಆಮ್ಲವನ್ನು ತಟಸ್ಥಗೊಳಿಸುತ್ತಾರೆ. ಬಳಿಕ ಅದರ ಎರಡು ಬದಿಗೂ ಸೆಲ್ಯುಲೋಸ್ ಅಸಿಟೇಟಿನ ತೆಳುಪೊರೆಯನ್ನೂ ಅದರ ಮೇಲೆ ತೆಳುವಾದ ಟಿಶ್ಯೂ ಕಾಗದವನ್ನೂ ಇಟ್ಟು, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಿದರೆ, ಪೊರೆ ಕರಗಿ ಹಾಳೆಗೆ ಬೆಸೆದುಕೊಳ್ಳುತ್ತದೆ. ದೊಡ್ಡ ಯಂತ್ರವೂ ಶಾಖವೂ ಬೇಡದ ಈ ವಿಧಾನವನ್ನು ರೂಪಿಸಿದ ಕೀರ್ತಿ ನಮ್ಮ ರಾಷ್ಟ್ರೀಯ ಪತ್ರಾಗಾರಕ್ಕೇ ಸಲ್ಲಬೇಕು. ಆದರೆ ಒಂದೊಂದು ಹಾಳೆಗೂ ಇಷ್ಟು ಉಪಚಾರ ಬೇಕಾದರೆ ಕೆಲಸ ಮುಗಿಯುವುದೆಂದು?

ಪ್ರತಿ ಎಂಬ ಉಪಾಯ

ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಕನ್ನಡ ಪಠ್ಯಗಳಲ್ಲಿ ಎಲ್ಲರೂ ಓದಿರುತ್ತೇವೆ. ಇದನ್ನು ಧರ್ಮಕಾರ್ಯವೆಂದು ಮಾತ್ರ ನೋಡದೆ ಭೌತಶಾಸ್ತ್ರದ ದೃಷ್ಟಿಯಿಂದಲೂ ನೋಡಬಹುದು. ಓಲೆಗರಿಯ ಆಯುಷ್ಯವನ್ನು ಹೆಚ್ಚಿಸುವುದು ಆ ಕಾಲಕ್ಕೆ ಕಷ್ಟ. ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಸಾಧ್ಯ. ಸಾವಿರದಲ್ಲಿ ಕೆಲವು ಹುಳುವಿಗೆ, ಕೆಲವು ಬೆಂಕಿಗೆ, ಕೆಲವು ಉದಾಸೀನಕ್ಕೆ ಹೋದರೂ ಕೃತಿ ಉಳಿಯುತ್ತದೆ. ಆಕೆ ಹಂಚಿದುದರಿಂದ ಪ್ರತಿಗಳು ಒಂದೇ ಊರಿನಲ್ಲಿ ಉಳಿಯಲಿಲ್ಲ ಎಂಬುದೂ ಗಮನಾರ್ಹವಾದುದು.

ಶಾಸನಗಳ ವಿಷಯವೂ ಹೀಗೆಯೇ. ಬಿ. ಎಲ್. ರೈಸರು ಮೈಸೂರು ಮತ್ತು ಕೊಡಗು ಸೀಮೆಗಳ ಸುಮಾರು 9,000 ಶಾಸನಗಳ ಪಾಠವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲ ಸಂಪುಟ ಹೊರಬಂದುದು 1886ರಲ್ಲಿ. ಅಂದಿನ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದ ಎಡೆಯಲ್ಲಿಲ್ಲ. ಕಲ್ಲು ಹೋದರೂ ಅದರ ಮಾತು ಹೋಗಲಿಲ್ಲ, ಅಚ್ಚಿನಲ್ಲಿ ಉಳಿಯಿತು.

ಆದರೆ ಕೈಪ್ರತಿಗೆ ಒಂದು ದೋಷವುಂಟು. ಲಿಪಿಕಾರನು ಒಂದು ಅಕ್ಷರ ಬಿಟ್ಟರೆ ಅವನ ಪ್ರತಿಯಿಂದ ಮುಂದೆ ಬರೆದವರೆಲ್ಲರೂ ಅದನ್ನೇ ಬಿಡುತ್ತಾರೆ, ತಮ್ಮವೆರಡು ತಪ್ಪನ್ನೂ ಸೇರಿಸುತ್ತಾರೆ. ಪ್ರತಿಯ ಪ್ರತಿಗೆ ಪ್ರತಿ ಮಾಡಿದಂತೆ ಮೂಲದಿಂದ ದೂರವಾಗುತ್ತೇವೆ. ಅಂಕೀಯ ಪ್ರತಿಯ ಹಿರಿಮೆ ಇರುವುದು ಇಲ್ಲಿಯೇ. ಸಂಖ್ಯೆಯನ್ನು ನಕಲು ಮಾಡಿದರೆ ನೂರನೆಯ ನಕಲೂ ಮೊದಲನೆಯದರಂತೆಯೇ ಇರುತ್ತದೆ. ಎಲ್ಲಿಯಾದರೂ ವ್ಯತ್ಯಾಸ ಬಂದರೆ ಅದನ್ನು ಕಂಡುಹಿಡಿಯಲೂ ಬರುತ್ತದೆ.

ಪುಟವು ಸಂಖ್ಯೆಯಾಗುವ ಬಗೆ

ಒಂದು ಸುಲಭವಾದ ಪ್ರಯೋಗದಿಂದ ಇದನ್ನು ತಿಳಿಯಬಹುದು. ಗ್ರಾಫ್ ಕಾಗದದ ಮೇಲೆ ‘ಅಂಗಡಿ’ ಎಂಬ ಮಾತನ್ನು ಮೂರು ಸೆಂಟಿಮೀಟರ್ ಎತ್ತರದ ಅಕ್ಷರಗಳಲ್ಲಿ ದಪ್ಪವಾಗಿ ಬರೆಯಿರಿ. ಒಂದೊಂದು ಸೆಂಟಿಮೀಟರಿನ ಚೌಕವನ್ನೂ ನೋಡುತ್ತ, ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಿದ್ದರೆ 1, ಇಲ್ಲದಿದ್ದರೆ 0 ಎಂದು ಇನ್ನೊಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಅಂಕಿಗಳನ್ನು ಗೆಳೆಯನಿಗೆ ಕೊಟ್ಟು ಚಿತ್ರವನ್ನು ಮತ್ತೆ ಬಿಡಿಸಲು ಹೇಳಿ. ಅವನಿಗೆ ಅಕ್ಷರವೇ ತಿಳಿಯುವುದಿಲ್ಲ. ಅದೇ ಕೆಲಸವನ್ನು ಎರಡು ಮಿಲಿಮೀಟರಿನ ಚೌಕಗಳಿಂದ ಮಾಡಿದರೆ ‘ಅಂಗಡಿ’ಯು ಸ್ಪಷ್ಟವಾಗಿ ಎದ್ದುಬರುತ್ತದೆ. ನಡುವಣ ಅಳತೆಯ ಚೌಕಗಳಲ್ಲಿ ಒಂದು ತಮಾಷೆ ನಡೆಯುವುದುಂಟು. ಉಳಿದ ಅಕ್ಷರಗಳು ಹೇಗೋ ಕಾಣುತ್ತವೆ, ಅನುಸ್ವಾರದ ಸೊನ್ನೆ ಮಾತ್ರ ಮಾಯವಾಗುತ್ತದೆ. ಉಳಿಯುವುದು ‘ಅಗಡಿ’. ಹಾವೇರಿ ಜಿಲ್ಲೆಯಲ್ಲಿ ಅಗಡಿ ಎಂಬ ಊರೇ ಇದೆ! ಕಂದಾಯದ ಕಾಗದವೊಂದರಲ್ಲಿ ಅಂಗಡಿಯು ಊರಾಗಿಬಿಟ್ಟರೆ ಅದನ್ನು ನಂಬಿದ ಚರಿತ್ರಕಾರನ ಗತಿಯೇನು?

ಸ್ಕ್ಯಾನರ್ ಎಂಬ ಯಂತ್ರವು ಮಾಡುವುದು ಇದನ್ನೇ. ಹಾಳೆಯ ಮೇಲೆ ಬೆಳಕು ಚೆಲ್ಲಿ, ಒಂದೊಂದು ಪುಟ್ಟ ಚೌಕದಿಂದ ಹಿಂದಿರುಗುವ ಬೆಳಕನ್ನು ಅಳೆದು, ಸಂಖ್ಯೆಯಾಗಿ ಬರೆದಿಡುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೂ 0ಯಿಂದ 255ರ ವರೆಗೆ ಒಂದೊಂದು ಸಂಖ್ಯೆ. ಇಂಥ ಒಂದು ಸಂಖ್ಯೆ ಹಿಡಿಸುವ ಜಾಗಕ್ಕೆ ಒಂದು ಬೈಟ್ ಎಂದು ಹೆಸರು.

ಚೌಕವು ಎಷ್ಟು ಚಿಕ್ಕದಾಗಿರಬೇಕು? ನೈಕ್ವಿಸ್ಟ್ ಮತ್ತು ಶ್ಯಾನನ್ ಎಂಬ ವಿಜ್ಞಾನಿಗಳ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯದ ತಿರುಳು ಇದು: ಯಾವ ವಿವರವನ್ನು ಉಳಿಸಬೇಕೋ ಅದರ ಅಗಲದೊಳಗೆ ಕಡೆಯ ಪಕ್ಷ ಎರಡು ಅಳತೆಗಳಾದರೂ ಬೀಳಬೇಕು. ಲೇಖನಿಯ ಸಣ್ಣ ಗೆರೆ 0.2 ಮಿಲಿಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಅಂಗುಲಕ್ಕೆ 100 ಚೌಕಗಳಾದರೆ ಒಂದೊಂದರ ಅಗಲ 0.25 ಮಿಲಿಮೀಟರ್, ಗೆರೆ ತಪ್ಪಿಹೋದೀತು. ಅಂಗುಲಕ್ಕೆ 300 ಆದರೆ ಅಗಲ ಸುಮಾರು 0.085 ಮಿಲಿಮೀಟರ್, ಗೆರೆಯ ಮೇಲೆ ಎರಡು ಅಳತೆಗಳು ಬೀಳುತ್ತವೆ. ದಾಖಲೆಗಳ ಕೆಲಸದಲ್ಲಿ ಅಂಗುಲಕ್ಕೆ 300ಕ್ಕಿಂತ ಕಡಮೆಯಾಗಬಾರದೆಂದು ಹೇಳುವುದಕ್ಕೆ ಇದೇ ಆಧಾರ.

ಒಂದು ಲೆಕ್ಕ

ಹಳೆಯ ಕಚೇರಿಗಳ ಫೂಲ್‌ಸ್ಕ್ಯಾಪ್ ಹಾಳೆ ಸುಮಾರು 8 ಅಂಗುಲ ಅಗಲ, 13 ಅಂಗುಲ ಉದ್ದ. ಅಂಗುಲಕ್ಕೆ 300ರಂತೆ 2,400ನ್ನು 3,900ರಿಂದ ಗುಣಿಸಿದರೆ 93,60,000 ಚೌಕಗಳು. ಒಂದೊಂದಕ್ಕೂ ಮೂರು ಬೈಟು. ಒಟ್ಟು 2,80,80,000 ಬೈಟು, ಎಂದರೆ ಸುಮಾರು 28 ಮೆಗಾಬೈಟ್. ಒಂದು ಕೋಟಿ ಹಾಳೆಗಳಿಗೆ 28 ಕೋಟಿ ಮೆಗಾಬೈಟ್, ಎಂದರೆ 280 ಟೆರಾಬೈಟ್. ಒಂದೊಂದೂ 20 ಟೆರಾಬೈಟ್ ಹಿಡಿಸುವ ತಟ್ಟೆಗಳು ಇಂದು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಂಥ ಹದಿನಾಲ್ಕು ತಟ್ಟೆಗಳು ಸಾಕು. ಒಂದು ಸಣ್ಣ ಕಪಾಟಿನಲ್ಲಿ ಹಿಡಿಯುತ್ತವೆ.

ಹಾಗಾದರೆ ಕೆಲಸ ಸುಲಭವೆ? ಇನ್ನೊಂದು ಲೆಕ್ಕವನ್ನು ನೋಡಿ. ಹಳೆಯ ಹಾಳೆಯನ್ನು ಕಟ್ಟಿನಿಂದ ಬಿಡಿಸಿ, ಧೂಳು ಒರಸಿ, ಸುಕ್ಕು ತಿದ್ದಿ, ಚಿತ್ರ ತೆಗೆದು, ಅದೇ ಕ್ರಮದಲ್ಲಿ ಹಿಂದಕ್ಕಿಡಲು ಒಂದು ನಿಮಿಷ ಬೇಕೆನ್ನೋಣ. ದಿನಕ್ಕೆ ಆರು ಗಂಟೆಯಂತೆ 360 ಹಾಳೆ. ವರ್ಷಕ್ಕೆ 250 ದಿನದಂತೆ 90,000 ಹಾಳೆ. ಒಂದು ಕೋಟಿ ಹಾಳೆ ಮುಗಿಸಲು ಒಬ್ಬನಿಗೆ 111 ವರ್ಷ ಬೇಕು! ಕಷ್ಟವಿರುವುದು ಜಾಗದಲ್ಲಿ ಅಲ್ಲ, ಜನರ ತಾಳ್ಮೆಯಲ್ಲಿ ಎಂಬುದು ಇದರಿಂದ ಸ್ಪಷ್ಟ. ಇಷ್ಟು ಶ್ರಮದಿಂದ ತೆಗೆದ ಚಿತ್ರವನ್ನು ಜಾಗ ಉಳಿಸುವ ಆಸೆಯಿಂದ ಕುಗ್ಗಿಸಿ ಕೆಡಿಸಬಾರದು. ಆದುದರಿಂದ ಏನನ್ನೂ ಕಳೆಯದ ರೂಪದಲ್ಲಿ ಒಂದು ಪ್ರತಿಯನ್ನು ಭಂಡಾರಕ್ಕೂ, ಕುಗ್ಗಿಸಿದ ಹಗುರವಾದ ಪ್ರತಿಯನ್ನು ಓದುಗರಿಗೂ ಇಡುವುದು ವಾಡಿಕೆ.

ಕಂಡುಕೊಳ್ಳುವ ಕಷ್ಟ

ಕೋಟಿ ಚಿತ್ರಗಳು ಸಿದ್ಧವಾದವು. ಅವುಗಳಲ್ಲಿ ನಮಗೆ ಬೇಕಾದುದು ಯಾವುದು? ಹೆಸರಿಲ್ಲದ ಚಿತ್ರವು ಹುಲ್ಲಿನ ಬಣವೆಯಲ್ಲಿ ಬಿದ್ದ ಸೂಜಿಗೆ ಸಮ. ಇದ್ದರೂ ಇಲ್ಲದಂತೆಯೇ.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಇದಕ್ಕೆ ನಿದರ್ಶನ. ಬಹು ಶತಮಾನಗಳ ಕಾಲ ಅದರ ಹೆಸರು ಮಾತ್ರ ಉಳಿದಿತ್ತು, ಗ್ರಂಥ ಕಾಣದಾಗಿತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಓದಿ, ಅದು ಏನೆಂದು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದರು. ಓಲೆ ಮೊದಲೂ ಇತ್ತು. ಅದನ್ನು ಗುರುತಿಸಿದ ದಿನದಿಂದ ಮಾತ್ರ ಲೋಕಕ್ಕೆ ಅರ್ಥಶಾಸ್ತ್ರ ಸಿಕ್ಕಿತು.

ಆದುದರಿಂದ ಒಂದೊಂದು ದಾಖಲೆಗೂ ವಿವರಪತ್ರ ಬೇಕು. ಯಾರು ಯಾರಿಗೆ ಬರೆದುದು, ಯಾವ ದಿನಾಂಕ, ಯಾವ ಊರು, ಯಾವ ಇಲಾಖೆಯ ಎಷ್ಟನೆಯ ಕಡತ, ಭಾಷೆ ಯಾವುದು, ಲಿಪಿ ಯಾವುದು — ಇವಿಷ್ಟನ್ನಾದರೂ ಬರೆಯಬೇಕು. ಈ ಕೆಲಸಕ್ಕೆ ದಾಖಲೆಯನ್ನು ಓದಬಲ್ಲವರು ಬೇಕು. ನಮ್ಮ ನಾಡಿನ ಹಳೆಯ ಕಾಗದಗಳಲ್ಲಿ ಕನ್ನಡವಲ್ಲದೆ ಪಾರಸಿಯೂ ಉಂಟು, ಮೋಡಿ ಲಿಪಿಯ ಮರಾಠಿಯೂ ಉಂಟು. ಮೋಡಿಯನ್ನು ಸರಾಗವಾಗಿ ಓದಬಲ್ಲವರು ಈಗ ವಿರಳ.

ಅಚ್ಚಿನ ಪುಟಗಳನ್ನು ಕಂಪ್ಯೂಟರ್ ತಾನೇ ಓದಿ ಅಕ್ಷರಗಳನ್ನಾಗಿ ಮಾಡಬಲ್ಲುದು. ಆಗ ಚಿತ್ರದ ಬದಲು ಅಕ್ಷರಗಳೇ ಸಂಖ್ಯೆಗಳಾಗುತ್ತವೆ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಇದೆ. ‘ಅ’ಕ್ಕೆ 3205, ಅನುಸ್ವಾರಕ್ಕೆ 3202, ‘ಗ’ಕ್ಕೆ 3223, ‘ಡ’ಕ್ಕೆ 3233, ಗುಡಿಸಿಗೆ 3263. ‘ಅಂಗಡಿ’ ಎಂದರೆ ಈ ಐದು ಸಂಖ್ಯೆಗಳು, ಅಷ್ಟೆ. ಹಳಗನ್ನಡದ ‘ೞ’ ಮತ್ತು ‘ಱ’ ಅಕ್ಷರಗಳಿಗೂ ಅಲ್ಲಿ ಸ್ಥಾನವಿದೆ. ಹೀಗೆ ಅಕ್ಷರಗಳಾದ ಮೇಲೆ ಲಕ್ಷ ಪುಟಗಳಲ್ಲಿ ‘ಅಗಡಿ’ ಎಲ್ಲೆಲ್ಲಿದೆಯೆಂದು ಕ್ಷಣದಲ್ಲಿ ಹುಡುಕಬಹುದು. ಆದರೆ ಒತ್ತಕ್ಷರಗಳಲ್ಲಿಯೂ ಮಸುಕಾದ ಅಚ್ಚಿನಲ್ಲಿಯೂ ಯಂತ್ರವು ತಪ್ಪುವುದುಂಟು. ಕೈಬರಹದಲ್ಲಿ ಇನ್ನೂ ಹೆಚ್ಚು. ಯಂತ್ರ ಓದಿದುದನ್ನು ಚಿತ್ರದ ಪಕ್ಕದಲ್ಲಿಟ್ಟು ತಿದ್ದುವ ಮನುಷ್ಯನ ಕೆಲಸ ಇನ್ನೂ ಮುಗಿದಿಲ್ಲ.

ತಾಳೆ ನೋಡುವುದು

ಈಗ ಬಳಪದ ಕಡತವನ್ನು ನೆನೆಸಿಕೊಳ್ಳೋಣ. ಅಂಕೀಯ ದಾಖಲೆಯೂ ಹಾಗೆಯೇ. ಒಂದು ಸಂಖ್ಯೆಯನ್ನು ಯಾರಾದರೂ ಬದಲಿಸಿದರೆ, ಅಥವಾ ಯಂತ್ರದ ದೋಷದಿಂದ ಬದಲಾದರೆ, ಒರಸಿದ ಗುರುತು ಕಾಣುವುದಿಲ್ಲ. ಇದಕ್ಕೆ ಪರಿಹಾರವಾಗಿ ದಾಖಲೆಯೊಡನೆ ಒಂದು ತಾಳೆ ಸಂಖ್ಯೆಯನ್ನು ಲೆಕ್ಕಹಾಕಿ ಬೇರೆ ಕಡೆ ಬರೆದಿಡುತ್ತಾರೆ.

‘ಅಂಗಡಿ’ಯ ಐದು ಸಂಖ್ಯೆಗಳನ್ನು ಕೂಡಿದರೆ 16126. ಅನುಸ್ವಾರ ಹಾರಿಹೋದರೆ ಮೊತ್ತವು 12924 ಆಗುತ್ತದೆ. ಕಳವು ಕೂಡಲೇ ಬಯಲು. ಆದರೆ ಅನುಸ್ವಾರವು ಸ್ಥಳ ಬದಲಿಸಿ ‘ಅಗಂಡಿ’ ಆದರೆ? ಮೊತ್ತ ಮತ್ತೆ 16126; ತಪ್ಪು ತಿಳಿಯದು. ಆದುದರಿಂದ ಮೊದಲ ಸಂಖ್ಯೆಯನ್ನು 1ರಿಂದಲೂ ಎರಡನೆಯದನ್ನು 2ರಿಂದಲೂ ಹೀಗೆ ಸ್ಥಾನದಿಂದ ಗುಣಿಸಿ ಕೂಡೋಣ. ‘ಅಂಗಡಿ’ಗೆ 48525 ಬರುತ್ತದೆ, ‘ಅಗಂಡಿ’ಗೆ 48504. ಈಗ ತಪ್ಪು ಸಿಕ್ಕಿಬಿದ್ದಿತು. ಪತ್ರಾಗಾರಗಳಲ್ಲಿ ಬಳಸುವ ಲೆಕ್ಕಗಳು ಇದಕ್ಕಿಂತ ಬಹಳ ಜಟಿಲವಾದವು. ಕೋಟಿ ಬೈಟುಗಳಲ್ಲಿ ಒಂದೇ ಒಂದು ಬದಲಾದರೂ ತಾಳೆ ಸಂಖ್ಯೆ ಪೂರ್ಣವಾಗಿ ಬೇರೆಯಾಗುತ್ತದೆ. ತತ್ತ್ವ ಮಾತ್ರ ಇದೇ. ಆಗಾಗ್ಗೆ ಈ ಲೆಕ್ಕವನ್ನು ಮತ್ತೆ ಮಾಡಿ ಹಳೆಯದರೊಡನೆ ತಾಳೆ ನೋಡದ ಭಂಡಾರವನ್ನು ನಂಬಲಾಗದು.

ತಪ್ಪು ಕಂಡ ಮೇಲೆ ಸರಿಪಡಿಸುವುದು ಹೇಗೆ? ಮೊದಲ ತಟ್ಟೆಯಲ್ಲಿ 37, ಎರಡನೆಯದರಲ್ಲಿ 52 ಇದ್ದರೆ, ಮೂರನೆಯದರಲ್ಲಿ ಅವುಗಳ ಮೊತ್ತ 89ನ್ನು ಇಡಿ. ಎರಡನೆಯದು ಕೆಟ್ಟರೆ 89ರಿಂದ 37ನ್ನು ಕಳೆಯಿರಿ. 52 ಮರಳಿ ಬಂದಿತು. ಮೂರರಲ್ಲಿ ಯಾವುದೊಂದು ಹೋದರೂ ಉಳಿದೆರಡು ಅದನ್ನು ತುಂಬಿಕೊಡುತ್ತವೆ.

ಎಷ್ಟು ಪ್ರತಿ, ಎಲ್ಲೆಲ್ಲಿ?

ಒಂದು ಪ್ರತಿಯು ಒಂದು ವರ್ಷದಲ್ಲಿ ನಾಶವಾಗುವ ಸಂಭವ ನೂರರಲ್ಲಿ ಒಂದು ಎಂದು ಭಾವಿಸೋಣ. ಮೂರು ಪ್ರತಿಗಳೂ ಅದೇ ವರ್ಷ ನಾಶವಾಗುವ ಸಂಭವ 1/100 × 1/100 × 1/100, ಎಂದರೆ ಹತ್ತು ಲಕ್ಷದಲ್ಲಿ ಒಂದು. ಆದರೆ ಈ ಗುಣಾಕಾರವು ಸರಿಯಾಗಬೇಕಾದರೆ ಒಂದರ ನಾಶಕ್ಕೂ ಇನ್ನೊಂದರ ನಾಶಕ್ಕೂ ಸಂಬಂಧವಿರಬಾರದು. ಮೂರನ್ನೂ ಒಂದೇ ಕೊಠಡಿಯಲ್ಲಿಟ್ಟರೆ ಒಂದೇ ಬೆಂಕಿ ಮೂರನ್ನೂ ಸುಡುತ್ತದೆ, ಲೆಕ್ಕ ಸುಳ್ಳಾಗುತ್ತದೆ.

1981ರಲ್ಲಿ ಶ್ರೀಲಂಕಾದ ಜಾಫ್ನಾ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟಾಗ ಬೇರೆಲ್ಲಿಯೂ ಪ್ರತಿಯಿಲ್ಲದ ಓಲೆಗರಿಯ ಗ್ರಂಥಗಳೂ ಬೂದಿಯಾದವು. ಅವುಗಳಲ್ಲಿ ಏನಿತ್ತೆಂಬುದನ್ನು ತಿಳಿಯುವ ದಾರಿ ಇನ್ನಿಲ್ಲ. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದ ಪತ್ರಾಗಾರದ ಕಟ್ಟಡವೇ ನೆಲದಡಿಯ ರೈಲುಮಾರ್ಗದ ಕಾಮಗಾರಿಯ ಬಳಿ ಕುಸಿದುಬಿದ್ದಿತು. ಆದರೆ ಅಲ್ಲಿಯ ದಾಖಲೆಗಳ ಒಂದು ಭಾಗದ ಮೈಕ್ರೊಫಿಲ್ಮ್ ಪ್ರತಿಗಳು ದೂರದ ಬೆಟ್ಟವೊಂದರ ಸುರಂಗದಲ್ಲಿದ್ದುದರಿಂದ ಅಷ್ಟರ ಮಟ್ಟಿಗೆ ಚರಿತ್ರೆ ಉಳಿಯಿತು. ಜಾಫ್ನಾದ ಓಲೆಗಳಿಗೂ ಕಲೋನಿನ ಆ ಕಾಗದಗಳಿಗೂ ಇದ್ದ ವ್ಯತ್ಯಾಸ ಇದೊಂದೇ: ಬೇರೊಂದು ಊರಿನಲ್ಲಿ ಪ್ರತಿ.

ಓದುವ ಯಂತ್ರ ಉಳಿದೀತೆ?

ಇನ್ನೊಂದು ಅಪಾಯ ಉಂಟು. ಓಲೆಯನ್ನು ಓದಲು ಕಣ್ಣೂ ಅಕ್ಷರಜ್ಞಾನವೂ ಸಾಕು. ಅಂಕೀಯ ಪ್ರತಿಯನ್ನು ಓದಲು ಯಂತ್ರವೂ ಬೇಕು.

ಇಂಗ್ಲೆಂಡಿನಲ್ಲಿ 1086ರಲ್ಲಿ ಅರಸನ ಅಪ್ಪಣೆಯಂತೆ ನಾಡಿನ ಭೂಮಿಕಾಣಿಗಳ ಪಟ್ಟಿಯೊಂದನ್ನು ಚರ್ಮದ ಹಾಳೆಗಳ ಮೇಲೆ ಬರೆದರು. ಅದು ‘ಡೂಮ್ಸ್‌ಡೇ’ ಪುಸ್ತಕವೆಂದು ಪ್ರಸಿದ್ಧವಾಗಿದೆ. 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ಶಾಲಾಮಕ್ಕಳ ನೆರವಿನಿಂದ ಹೊಸ ಡೂಮ್ಸ್‌ಡೇಯನ್ನು ಸಿದ್ಧಪಡಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಮೂಲೆ ಸೇರಿದ್ದವು. ವಿಶ್ವವಿದ್ಯಾಲಯಗಳ ತಜ್ಞರು ಬಹಳ ಪ್ರಯಾಸಪಟ್ಟು ಹಳೆಯ ಯಂತ್ರವನ್ನು ಹೊಸ ಯಂತ್ರವು ಅನುಕರಿಸುವಂತೆ ಮಾಡಿ ಅದನ್ನು ಉಳಿಸಬೇಕಾಯಿತು. 1086ರ ಪುಸ್ತಕವನ್ನು ಮಾತ್ರ ಇಂದೂ ಓದಬಹುದು.

ಇದು ದೊಡ್ಡವರ ಕಥೆಯಷ್ಟೇ ಅಲ್ಲ. ಎಂ.ಎಸ್ಸಿ. ತರಗತಿಯಲ್ಲಿದ್ದಾಗ ನಾವು ಮಾಡಿದ ಪ್ರಯೋಗದ ಅಂಕಿಅಂಶಗಳನ್ನು ಒಂದು ಸಿ.ಡಿ.ಯಲ್ಲಿ ಬರೆದಿಟ್ಟು ನಿಶ್ಚಿಂತರಾಗಿದ್ದೆವು. ಹತ್ತು ವರ್ಷಗಳ ಮೇಲೆ ವಿದ್ಯಾರ್ಥಿಗಳಿಗೆ ತೋರಿಸಲೆಂದು ಹೊರತೆಗೆದರೆ ಅದನ್ನು ಓದುವ ಕಂಪ್ಯೂಟರ್ ಸಿಕ್ಕುವುದೇ ಕಷ್ಟವಾಯಿತು. ಸಿಕ್ಕಿದ ಮೇಲೆ ತಟ್ಟೆಯೇ ಕೆಟ್ಟಿತ್ತು. ಅದೇ ಪ್ರಯೋಗದ ಕಚ್ಚಾ ಪುಸ್ತಕ, ಚಹದ ಕಲೆಗಳೊಡನೆ, ಈಗಲೂ ನಮ್ಮ ಮೇಜಿನಲ್ಲಿದೆ. ಆದುದರಿಂದ ಅಂಕೀಯ ಭಂಡಾರವನ್ನು ಒಮ್ಮೆ ಕಟ್ಟಿ ಬೀಗ ಹಾಕುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸ ತಟ್ಟೆಗಳಿಗೆ, ಎಲ್ಲರಿಗೂ ತಿಳಿದ ಬಹಿರಂಗ ರೂಪಗಳಿಗೆ, ದಾಟಿಸುತ್ತಲೇ ಇರಬೇಕು. ಚಿತ್ರ ತೆಗೆದಾಯಿತೆಂದು ಮೂಲ ಕಾಗದವನ್ನು ಕಡೆಗಣಿಸುವಂತೆಯೂ ಇಲ್ಲ.

ಉಚಿತವೇಕೆ?

ಇಷ್ಟೆಲ್ಲ ಖರ್ಚಿನ ಕೆಲಸವನ್ನು ಉಚಿತವಾಗಿ ಏಕೆ ಕೊಡಬೇಕು? ಕಾರಣಗಳು ಎರಡು.

ಮೊದಲನೆಯದು ನ್ಯಾಯದ್ದು. ಕರ್ನಾಟಕವು ಒಂದಾದುದು 1956ರಲ್ಲಿ. ಅದಕ್ಕೆ ಮುಂಚಿನ ಸರ್ಕಾರಿ ಕಾಗದಗಳು ಆಯಾ ರಾಜ್ಯಗಳ ಪತ್ರಾಗಾರಗಳಲ್ಲಿ ಹಂಚಿಹೋಗಿವೆ. ಧಾರವಾಡ ಸೀಮೆಯ ಚರಿತ್ರೆಗೆ ಮುಂಬಯಿಗೂ, ಮಂಗಳೂರು ಬಳ್ಳಾರಿಗಳದಕ್ಕೆ ಚೆನ್ನೈಗೂ, ರಾಯಚೂರು ಕಲಬುರಗಿಗಳದಕ್ಕೆ ಹೈದರಾಬಾದಿಗೂ ಹೋಗಬೇಕು. ಇನ್ನಷ್ಟು ದೆಹಲಿಯಲ್ಲಿ, ಮತ್ತಷ್ಟು ಲಂಡನ್ನಿನಲ್ಲಿ. ರಾಯಚೂರಿನ ಬಡ ವಿದ್ಯಾರ್ಥಿಗೆ ಈ ಪ್ರಯಾಣ ಸಾಧ್ಯವೆ? ಅವನ ಊರಿನ ಚರಿತ್ರೆಯನ್ನು ಹಣವುಳ್ಳವರು ಮಾತ್ರ ಬರೆಯತಕ್ಕದ್ದೆ? ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ ‘ಅಭಿಲೇಖ ಪಟಲ್’ ಎಂಬ ಅಂಕೀಯ ತಾಣವನ್ನು ಆರಂಭಿಸಿ, ತನ್ನ ಸೂಚಿಗಳನ್ನೂ ಪುಟಗಳನ್ನೂ ಮನೆಯಿಂದಲೇ ಹುಡುಕಿ ನೋಡುವ ಹಾದಿಯನ್ನು ತೆರೆಯಿತು. ಜಪಾನು 2001ರಲ್ಲಿಯೇ ಇಂಥ ಕೇಂದ್ರವನ್ನು ತೆರೆದಿತ್ತು. ತನ್ನ ರಾಷ್ಟ್ರೀಯ ಪತ್ರಾಗಾರ, ವಿದೇಶಾಂಗ ಇಲಾಖೆ, ರಕ್ಷಣಾ ಇಲಾಖೆ ಇವುಗಳಲ್ಲಿ ಬೇರೆಬೇರೆಯಾಗಿದ್ದ, ಎರಡನೆಯ ಮಹಾಯುದ್ಧದ ಕೊನೆಯ ವರೆಗಿನ ದಾಖಲೆಗಳನ್ನು ಅದು ಒಂದೇ ಸೂಚಿಯಡಿಯಲ್ಲಿ ತಂದು, ನೆರೆಯ ದೇಶಗಳವರೂ ಹಣ ಕೊಡದೆ ನೋಡುವಂತೆ ಮಾಡಿತು. ತನಗೆ ಕೀರ್ತಿ ತಾರದ ಯುದ್ಧದ ಕಾಗದಗಳೂ ಅವುಗಳಲ್ಲಿ ಸೇರಿವೆ. ಕಾಗದಗಳು ಎಲ್ಲಿವೆಯೋ ಅಲ್ಲಿಯೇ ಇರಲಿ, ಸೂಚಿ ಒಂದಾದರೆ ಸಾಕು ಎಂಬ ಈ ಪಾಠವು ಹಂಚಿಹೋದ ಕನ್ನಡ ನಾಡಿನ ದಾಖಲೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಎರಡನೆಯ ಕಾರಣ ಭದ್ರತೆಯದು. ಮುಕ್ತವಾಗಿ ದೊರೆಯುವ ದಾಖಲೆಯನ್ನು ಓದುಗರು ತಮ್ಮಲ್ಲಿಯೂ ಇಟ್ಟುಕೊಳ್ಳುತ್ತಾರೆ, ಇತರ ಗ್ರಂಥಾಲಯಗಳೂ ಇಟ್ಟುಕೊಳ್ಳುತ್ತವೆ. ಬೆಲೆ ಕಟ್ಟಿದರೆ ಪ್ರತಿಗಳು ಕಡಮೆಯಾಗುತ್ತವೆ. ಪ್ರತಿಗಳು ಕಡಮೆಯಾದಷ್ಟೂ ನಾಶದ ಸಂಭವ ಹೆಚ್ಚುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಒಂದು ಗ್ರಂಥಾಲಯ ಯೋಜನೆಗೆ, ಹಲವು ಪ್ರತಿಗಳಿದ್ದರೆ ವಸ್ತು ಉಳಿಯುತ್ತದೆ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆಯು ಮಾಡಿ ತೋರಿಸಿದುದೂ ಇದನ್ನೇ.

ಉಚಿತವೆಂದರೆ ಖರ್ಚಿಲ್ಲವೆಂದಲ್ಲ, ಓದುಗನು ಕೊಡಬೇಕಾಗಿಲ್ಲವೆಂದಷ್ಟೇ ಅರ್ಥ. ಖರ್ಚನ್ನು ಸಮಾಜವು ವರ್ಷ ವರ್ಷವೂ ಹೊರಬೇಕು. ಎಲ್ಲವನ್ನೂ ಎಲ್ಲರಿಗೂ ತೆರೆಯಬೇಕೆಂದೂ ಅಲ್ಲ. ಬದುಕಿರುವವರ ರೋಗ, ಆಸ್ತಿ, ವ್ಯಾಜ್ಯಗಳ ಕಾಗದಗಳಿಗೆ ಮರೆ ಬೇಕು. ಯಾವುದನ್ನು ಎಷ್ಟು ಕಾಲ ಮರೆಯಲ್ಲಿಡಬೇಕೆಂಬ ನಿಯಮವು ಮಾತ್ರ ಬಹಿರಂಗವಾಗಿರಬೇಕು.

ವಿದ್ಯಾರ್ಥಿಗಳು ಮಾಡಬಹುದಾದುದು

ಈ ಕೆಲಸ ಸರ್ಕಾರದ ದೊಡ್ಡ ಭವನಗಳಲ್ಲಿಯೇ ನಡೆಯಬೇಕಾಗಿಲ್ಲ. ನಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಕ್ರಯಪತ್ರಗಳೂ ಕಾಗದಗಳೂ ಇರುತ್ತವೆ. ಹಿರಿಯರ ಅನುಮತಿ ಪಡೆದು ಅವುಗಳ ಚಿತ್ರ ತೆಗೆಯಿರಿ. ಹಾಳೆಯನ್ನು ಸಮತಟ್ಟಾಗಿಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ತೆಗೆಯಬೇಕು. ಸಣ್ಣ ಅನುಸ್ವಾರವೂ ಕಾಣುತ್ತದೆಯೆ ಎಂದು ದೊಡ್ಡದು ಮಾಡಿ ನೋಡಬೇಕು. ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂಬುದನ್ನು ಆ ದಿನವೇ ಬರೆದಿಡಬೇಕು. ಅಜ್ಜನಿಗೆ ಗೊತ್ತಿರುವುದು ನಾಳೆ ಯಾರಿಗೂ ಗೊತ್ತಿಲ್ಲದಿರಬಹುದು. ಚಿತ್ರಗಳನ್ನು ಎರಡು ಬೇರೆ ಸ್ಥಳಗಳಲ್ಲಿಡಬೇಕು. ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಮೂಲ ಕಾಗದವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ತೇವವಿಲ್ಲದ ಕಡೆ ಇಡಬೇಕು.

ದೇಶದ ಪತ್ರಾಗಾರದಲ್ಲಿ ನಡೆಯುವ ಕೆಲಸವೂ ಇಷ್ಟೇ. ಅಲ್ಲಿ ಹಾಳೆಗಳ ಸಂಖ್ಯೆ ಕೋಟಿಗಳಲ್ಲಿ ಎಂಬುದೊಂದೇ ವ್ಯತ್ಯಾಸ. ನಮ್ಮ ಒಂದೇ ಕ್ರಯಪತ್ರದಲ್ಲಿ ಈ ಶ್ರದ್ಧೆಯನ್ನು ರೂಢಿಸಿಕೊಂಡವರಿಗೆ ಆ ಕೋಟಿಗಳ ಬೆಲೆ ತಿಳಿಯುತ್ತದೆ. ಅಂಥವರ ಸಂಖ್ಯೆ ಹೆಚ್ಚಿದಂತೆ 111 ವರ್ಷಗಳ ಆ ಲೆಕ್ಕವೂ ಇಳಿಯುತ್ತ ಬರುತ್ತದೆ.